ಫ್ಲೆಕ್ಸ್‌ನರ್ ವರದಿ

ಫ್ಲೆಕ್ಸ್‌ನರ್ ವರದಿಯು ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾದ ವೈದ್ಯಕೀಯ ಶಿಕ್ಷಣವನ್ನು ಕುರಿತು ಅಬ್ರಹಾಂ ಫ್ಲೆಕ್ಸ್‌ನರ್ ಸಿದ್ಧಪಡಿಸಿ, ಕಾರ್ನೆಗಿ ಬೋಧನಾಭಿವೃದ್ಧಿ ಪ್ರತಿಷ್ಠಾನವು 1910ರಲ್ಲಿ ಪ್ರಕಟಿಸಿದ ಸಮೀಕ್ಷೆ. ಶಾಸನಾಧಿಕಾರವಿಲ್ಲದ ಖಾಸಗಿ ದತ್ತಿ ಸಂಸ್ಥೆಯೊಂದು ವೃತ್ತಿಶಿಕ್ಷಣದ ನೀತಿಯನ್ನೇ ಬದಲಿಸಿದುದಕ್ಕೆ ಇದು ಪ್ರಸಿದ್ಧ ನಿದರ್ಶನ.

ಹಿನ್ನೆಲೆ

ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ 1905ರಲ್ಲಿ 1 ಕೋಟಿ ಡಾಲರ್ ಮೂಲನಿಧಿಯಿಂದ ಈ ಪ್ರತಿಷ್ಠಾನವನ್ನು ಸ್ಥಾಪಿಸಿದುದು ಕಾಲೇಜು ಅಧ್ಯಾಪಕರಿಗೆ ನಿವೃತ್ತಿವೇತನ ನೀಡಲೆಂದು. ಆದರೆ ಆ ಸೌಲಭ್ಯಕ್ಕೆ ಅರ್ಹವಾದ ಕಾಲೇಜು ಯಾವುದೆಂದು ಮೊದಲು ನಿರ್ಧರಿಸಬೇಕಾಯಿತು. ಪ್ರತಿಷ್ಠಾನವು ಪ್ರವೇಶದ ಮಟ್ಟವನ್ನು ಗೊತ್ತುಪಡಿಸಿತು. ಮತೀಯ ಪಂಗಡಗಳ ಹಿಡಿತದಲ್ಲಿದ್ದ ಕಾಲೇಜುಗಳನ್ನು ಹೊರಗಿಟ್ಟಿತು. ಕೆಲವು ಕಾಲೇಜುಗಳು ಚರ್ಚಿನ ಸಂಬಂಧವನ್ನೇ ಕಡಿದುಕೊಂಡವು. ಹಣದಿಂದ ನೀತಿಯನ್ನು ತಿದ್ದಬಹುದೆಂಬುದು ಆಗಲೇ ಸ್ಪಷ್ಟವಾಯಿತೆನ್ನಬಹುದು.

ಆ ಕಾಲದ ಅನೇಕ ವೈದ್ಯಕೀಯ ಶಾಲೆಗಳು ಸ್ಥಳೀಯ ವೈದ್ಯರು ಶುಲ್ಕದ ಆದಾಯಕ್ಕಾಗಿ ನಡೆಸುತ್ತಿದ್ದ ಸಂಸ್ಥೆಗಳಾಗಿದ್ದವು. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಅವನ್ನು ಪರಿಶೀಲಿಸಿತ್ತಾದರೂ, ವೈದ್ಯರೇ ವೈದ್ಯರನ್ನು ಬಹಿರಂಗವಾಗಿ ದೂಷಿಸುವುದು ವೃತ್ತಿಧರ್ಮಕ್ಕೆ ಒಗ್ಗದೆಂದು ಫಲಿತಾಂಶವನ್ನು ಪ್ರಕಟಿಸಲಿಲ್ಲ. 1908ರಲ್ಲಿ ಅದು ಪ್ರತಿಷ್ಠಾನದ ಅಧ್ಯಕ್ಷ ಹೆನ್ರಿ ಪ್ರಿಚೆಟ್ ಅವರ ನೆರವನ್ನು ಕೋರಿತು. ವರದಿ ನಿಷ್ಪಕ್ಷಪಾತವಾಗಿ ಕಾಣಬೇಕಾದ್ದರಿಂದ ಸಂಘದ ಪಾತ್ರವನ್ನು ಎತ್ತಿ ತೋರಿಸದಿರಲು ಉಭಯರೂ ಒಪ್ಪಿದರು.

ಸಮೀಕ್ಷೆ

ಫ್ಲೆಕ್ಸ್‌ನರ್ ವೈದ್ಯರಲ್ಲ, ಲೂಯಿವಿಲ್ ನಗರದಲ್ಲಿ ಖಾಸಗಿ ಶಾಲೆ ನಡೆಸಿದ್ದ ಉಪಾಧ್ಯಾಯರು. ಅವರು 155 ಶಾಲೆಗಳನ್ನು ಸಂದರ್ಶಿಸಿ ಪ್ರವೇಶಾರ್ಹತೆ, ಬೋಧಕವರ್ಗ, ಹಣಕಾಸು, ಪ್ರಯೋಗಶಾಲೆ, ಆಸ್ಪತ್ರೆಯೊಡನೆ ಇರುವ ಸಂಬಂಧ ಇವಿಷ್ಟನ್ನು ನೋಡಿದರು. ಕಾರ್ನೆಗಿಯ ಹೆಸರು ಕೇಳಿದೊಡನೆ ದೇಣಿಗೆಯ ನಿರೀಕ್ಷೆಯಿಂದ ಶಾಲೆಗಳು ಬಾಗಿಲು ತೆರೆದವು; ಬಂದುದು ಕಟು ವಿಮರ್ಶೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯವನ್ನು ಮಾದರಿಯಾಗಿಟ್ಟುಕೊಂಡ ವರದಿಯು ಶಾಲೆಗಳ ಸಂಖ್ಯೆಯನ್ನು 31ಕ್ಕೆ ಇಳಿಸಬೇಕೆಂದಿತು.

ಪರಿಣಾಮ

ಅಮೆರಿಕದಲ್ಲಿ 1906ರಲ್ಲಿ 162 ಇದ್ದ ವೈದ್ಯಕೀಯ ಶಾಲೆಗಳು 1922ರ ವೇಳೆಗೆ 81ಕ್ಕೆ ಇಳಿದವು. ಇದೆಲ್ಲವೂ ವರದಿಯೊಂದರ ಫಲವಲ್ಲ. ರಾಜ್ಯಗಳ ಪರವಾನಗಿ ಮಂಡಳಿಗಳು ನಿಯಮಗಳನ್ನು ಬಿಗಿಗೊಳಿಸಿದ್ದರಿಂದ ಇಳಿಕೆ ಮೊದಲೇ ಆರಂಭವಾಗಿತ್ತು. ವರದಿಗೆ ನಿಜವಾದ ಬಲ ಬಂದುದು ರಾಕ್‌ಫೆಲ್ಲರ್ ಹಣದಿಂದ. ಫ್ಲೆಕ್ಸ್‌ನರ್ ಮುಂದೆ ರಾಕ್‌ಫೆಲ್ಲರ್ ಸ್ಥಾಪಿತ ಸಾರ್ವತ್ರಿಕ ಶಿಕ್ಷಣ ಮಂಡಳಿಯನ್ನು ಸೇರಿದರು. ಮಂಡಳಿಯು 1913ರಲ್ಲಿ ಜಾನ್ಸ್ ಹಾಪ್ಕಿನ್ಸ್‌ಗೆ 15 ಲಕ್ಷ ಡಾಲರ್ ನೀಡಿತು. ಅದಕ್ಕೊಂದು ಷರತ್ತು: ಚಿಕಿತ್ಸಾ ವಿಭಾಗಗಳ ಪ್ರಾಧ್ಯಾಪಕರು ಖಾಸಗಿ ರೋಗಿಗಳ ಶುಲ್ಕವನ್ನು ಬಿಟ್ಟು ಪೂರ್ಣಾವಧಿ ಸಂಬಳಕ್ಕೆ ದುಡಿಯಬೇಕು. ಪ್ರಸಿದ್ಧ ವೈದ್ಯ ವಿಲಿಯಂ ಆಸ್ಲರ್ ಇದನ್ನು ವಿರೋಧಿಸಿದರು. ಹಾರ್ವರ್ಡ್ ಈ ಷರತ್ತಿಗೆ ಒಪ್ಪಲಿಲ್ಲ.

ಟೀಕೆ

ಗುಣಮಟ್ಟ ಏರಿದುದು ನಿರ್ವಿವಾದ. ಅದರ ಬೆಲೆ ತೆತ್ತವರು ಬೇರೆಯವರು. ಕಪ್ಪು ಜನರಿಗಾಗಿ ಇದ್ದ ಏಳು ಶಾಲೆಗಳ ಪೈಕಿ ಹೋವರ್ಡ್ ಮತ್ತು ಮೆಹ್ಯಾರಿಗಳನ್ನು ಮಾತ್ರ ಉಳಿಸಿಕೊಳ್ಳಬೇಕೆಂದು ವರದಿ ಸೂಚಿಸಿತು; ಉಳಿದ ಐದೂ 1923ರೊಳಗೆ ಮುಚ್ಚಿದವು. ಕಪ್ಪು ವೈದ್ಯರು ಮುಖ್ಯವಾಗಿ ತಮ್ಮ ಜನಾಂಗಕ್ಕೇ ಚಿಕಿತ್ಸೆ ನೀಡಬೇಕೆಂದೂ, ನೈರ್ಮಲ್ಯಕ್ಕೆ ಹೆಚ್ಚು ಗಮನ ಕೊಡಬೇಕೆಂದೂ ಫ್ಲೆಕ್ಸ್‌ನರ್ ಬರೆದಿದ್ದರು. ದೀರ್ಘವಾದ ವ್ಯಾಸಂಗ, ಏರಿದ ವೆಚ್ಚಗಳಿಂದ ಬಡ ವಿದ್ಯಾರ್ಥಿಗಳಿಗೂ ದಾರಿ ಕಿರಿದಾಯಿತು. ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘವು 2020ರಲ್ಲಿ ತನ್ನ ಪ್ರಶಸ್ತಿಯೊಂದರಿಂದ ಅವರ ಹೆಸರನ್ನು ತೆಗೆಯಿತು.

ಇತರ ವೃತ್ತಿಗಳು

ಇದೇ ಪ್ರತಿಷ್ಠಾನವು ಎಂಜಿನಿಯರಿಂಗ್ (1918), ಕಾನೂನು (1921), ದಂತವೈದ್ಯ (1926) ಶಿಕ್ಷಣಗಳ ಬಗೆಗೂ ವರದಿಗಳನ್ನು ಹೊರತಂದಿತು. ಎಲ್ಲಕ್ಕೂ ಒಂದೇ ಮನ್ನಣೆ ದೊರೆಯಲಿಲ್ಲ. ಸಂಜೆ ಶಾಲೆಗಳಿಗೂ ಸ್ಥಾನವಿರಬೇಕೆಂದ ಆಲ್ಫ್ರೆಡ್ ರೀಡ್ ಅವರ ಕಾನೂನು ವರದಿಯನ್ನು ವಕೀಲರ ಸಂಘ ಬದಿಗಿಟ್ಟು, ಕಾಲೇಜು ವ್ಯಾಸಂಗವನ್ನು ಕಡ್ಡಾಯಗೊಳಿಸುವ ತನ್ನದೇ ನಿಲುವನ್ನು ಕೈಗೊಂಡಿತು. ವೃತ್ತಿಯವರು ಮೊದಲೇ ಬಯಸಿದ್ದನ್ನು ಫ್ಲೆಕ್ಸ್‌ನರ್ ಹೇಳಿದ್ದರು; ರೀಡ್ ಹೇಳಲಿಲ್ಲ.