ಒಂದು ಗ್ರಂಥ, ಹಲವು ಸಭೆಗಳು

ಚಾಮರಾಜನಗರಕ್ಕೆ ಸಮೀಪದ ಹರದನಹಳ್ಳಿಯ ಹೆಸರನ್ನೆತ್ತಿದೊಡನೆ ನಮಗೆ ನೆನಪಾಗುವವರು ತೋಂಟದ ಸಿದ್ಧಲಿಂಗರು. ಅಲ್ಲಿಯ ಗೋಸಲ ಚನ್ನಬಸವೇಶ್ವರರ ಶಿಷ್ಯರಾದ ಈ ಮಹನೀಯರ ಪರಂಪರೆಯಲ್ಲಿ, ಚೆದರಿಹೋಗಿದ್ದ ವಚನಗಳು ಸಂಗ್ರಹಗೊಂಡು ಗ್ರಂಥರೂಪವನ್ನು ತಾಳಿದುವು. ಸಮಾನವಾದೊಂದು ಗ್ರಂಥಕ್ಕೆ ಜನವನ್ನು ಕೂಡಿಸುವ ಬಲವೆಷ್ಟೆಂಬುದನ್ನು ಈ ಸೀಮೆ ಬಲ್ಲುದು. ಕನ್ನಡನಾಡಿನ ಕ್ರೈಸ್ತಸಭೆಗಳ ಐಕ್ಯದ ಕಥೆಯೂ ಒಂದು ಗ್ರಂಥದಿಂದಲೇ ಮೊದಲಾಯಿತೆಂದು ನಾವು ಹೇಳಬಯಸುತ್ತೇವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಪ್ರಾಟೆಸ್ಟೆಂಟ್ ಕ್ರೈಸ್ತನು ಬಹುಮಟ್ಟಿಗೆ ವೆಸ್ಲಿಯನ್ ಸಭೆಯವನು. ಬಳ್ಳಾರಿಯವನು ಲಂಡನ್ ಮಿಶನ್ನಿನವನು. ಮಂಗಳೂರು ಧಾರವಾಡಗಳವನು ಬಾಸೆಲ್ ಮಿಶನ್ನಿನವನು. ತತ್ತ್ವವನ್ನು ವಿಮರ್ಶಿಸಿ ಅವನು ಆರಿಸಿಕೊಂಡ ಪಂಥವಲ್ಲ ಅದು. ಅವನ ಊರಿಗೆ ಮೊದಲು ಯಾವ ದೇಶದ ಪಾದ್ರಿ ಬಂದನೋ ಅದರ ಫಲ. ವೆಸ್ಲಿಯ ಅನುಯಾಯಿಗಳು ಇಂಗ್ಲೆಂಡಿನ ಆಂಗ್ಲಿಕನ್ ಸಭೆಯಿಂದ ಬೇರೆಯಾದುದೇಕೆಂಬುದು ನಮ್ಮ ಹಳ್ಳಿಯ ವಿಶ್ವಾಸಿಗೆ ತಿಳಿಯಬೇಕಾದ ಅಗತ್ಯವೇನಿತ್ತು? ಪರದೇಶದ ಜಗಳಕ್ಕೆ ನಮ್ಮ ನಾಡಿನಲ್ಲಿ ಗೋಡೆಯೆದ್ದಿತು.

ಆದರೆ ಓದುವ ಪುಸ್ತಕ ಒಂದೇ ಆಗಿದ್ದಿತು. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರು ಆರಂಭಿಸಿದ ಕನ್ನಡ ಬೈಬಲ್ಲಿನ ಕೆಲಸವನ್ನು, ಬಾಸೆಲ್ ಮಿಶನ್ನಿನ ವೈಗ್ಲೆ, ಲಂಡನ್ ಮಿಶನ್ನಿನ ಬೆಂಜಮಿನ್ ರೈಸ್ ಮುಂತಾದವರು ಪರಿಷ್ಕರಿಸಿದರು. ಒಂದು ಕನ್ನಡ ಶಬ್ದಕ್ಕಾಗಿ ಒಡನೆ ಕುಳಿತು ಚರ್ಚಿಸಿದವರು ಮುಂದೆ ಒಟ್ಟಿಗೆ ಬೋಧಿಸುವುದಕ್ಕೂ ಕಲಿತರು. 1910ರಲ್ಲಿ ಬೆಂಗಳೂರಿನಲ್ಲಿ ಸಂಯುಕ್ತ ದೈವಜ್ಞಾನ ಕಾಲೇಜು ಸ್ಥಾಪಿತವಾಯಿತು.

1919ರಲ್ಲಿ ತರಂಗಂಬಾಡಿಯಲ್ಲಿ ಸೇರಿದ 33 ಮಂದಿಯಲ್ಲಿ ಇಬ್ಬರ ಹೊರತು ಮಿಕ್ಕವರೆಲ್ಲ ಭಾರತೀಯರು. ಈ ಭೇದಗಳು ನಮ್ಮ ಸೃಷ್ಟಿಯಲ್ಲ, ಹೊರಗಿನಿಂದ ಬಂದುವೆಂದು ಅವರು ಸಾರಿದರು. ಸಾರುವುದು ಸುಲಭ, ಕೂಡಲು 28 ವರ್ಷಗಳು ಬೇಕಾದುವು. ತೊಡಕಿದ್ದುದು ದೀಕ್ಷೆಯಲ್ಲಿ. ಬಿಷಪ್ಪನ ಹಸ್ತದಿಂದ ದೀಕ್ಷೆ ಪಡೆಯದವನು ಪೂರ್ಣ ಗುರುವಲ್ಲವೆಂಬುದು ಆಂಗ್ಲಿಕನ್ನರ ಪಕ್ಷ. ಮರಳಿ ದೀಕ್ಷೆ ಪಡೆದರೆ ತಮ್ಮ ಜೀವಮಾನದ ಸೇವೆಯನ್ನೇ ಸುಳ್ಳೆಂದು ಒಪ್ಪಿದಂತಾಗುವುದೆಂಬುದು ಇತರರ ಅಳಲು. ಎರಡೂ ಪಕ್ಷಗಳಲ್ಲಿ ಪ್ರಾಮಾಣಿಕತೆಯಿತ್ತು, ಅದರಿಂದಲೇ ಕಷ್ಟ. ಪ್ರೇಮವೆಂದರೆ ಎದುರಾಳಿಯ ಮಾನವನ್ನು ಉಳಿಸಿ ಒಪ್ಪಂದಕ್ಕೆ ಬರುವುದೆಂದು ಅರ್ಥಮಾಡಿದವರೇ ಇದನ್ನು ಬಿಡಿಸಿದರು. ಇದ್ದ ಗುರುಗಳನ್ನೆಲ್ಲ ಇದ್ದಂತೆಯೇ ಅಂಗೀಕರಿಸುವುದು, ಮುಂದಿನ ದೀಕ್ಷೆಗಳು ಮಾತ್ರ ಬಿಷಪ್ಪರಿಂದ ನಡೆಯುವುದು, ಮನಸ್ಸಾಕ್ಷಿಗೆ ಒಗ್ಗದ ಗುರುವನ್ನಾಗಲಿ ಆರಾಧನಾಕ್ರಮವನ್ನಾಗಲಿ ಯಾವ ಸಭೆಯ ಮೇಲೂ ಹೇರದಿರುವುದು ಎಂಬುದಾಗಿ ನಿಶ್ಚಯವಾಯಿತು.

1947ನೆಯ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ದೇವಾಲಯದಲ್ಲಿ ದಕ್ಷಿಣ ಇಂಡಿಯಾ ಸಭೆ ಉದಯವಾಯಿತು. ಮೈಸೂರು ಧರ್ಮಪ್ರಾಂತಕ್ಕೆ ಪಿ. ಗುರುಶಾಂತರು ಮೊದಲ ಬಿಷಪ್ಪರಾದರು. ಆ ದಿನ ಎಲ್ಲರೂ ಬರಲಿಲ್ಲ. ಕೋಲಾರ ಬೆಳಗಾಂವಿಗಳ ಅಮೆರಿಕನ್ ಮೆಥೊಡಿಸ್ಟರು ಹೊರಗುಳಿದರು. ದಕ್ಷಿಣ ಕನ್ನಡದ ಬಾಸೆಲ್ ಸಭೆಗಳೂ ಕೆಲವು ಕಾಲ ದೂರವಿದ್ದು ಅನಂತರ ಕೂಡಿಕೊಂಡುವು. 1970ರಲ್ಲಿ ಮೈಸೂರು ಧರ್ಮಪ್ರಾಂತವು ಮೂರಾದಾಗ, ವೆಸ್ಲಿಯನ್ನರ ಮೈಸೂರೂ ಬಾಸೆಲ್ಲಿನ ಮಂಗಳೂರೂ ಒಂದೇ ದಕ್ಷಿಣ ಪ್ರಾಂತಕ್ಕೆ ಸೇರಿದುವು. ಹೀಗಾಗಿ ಹರದನಹಳ್ಳಿಯ ಸೀಮೆಯ ಆ ಸಭೆಯವರಿಗೆ ಬಿಷಪ್ಪರ ಪೀಠವಿರುವುದು ಘಟ್ಟದ ಕೆಳಗೆ, ಮಂಗಳೂರಿನಲ್ಲಿ.