ಸರ್ನ್‌ನ ಅಯಸ್ಕಾಂತ ಭೂಮಿಗಿಂತ ಲಕ್ಷ ಪಟ್ಟು ಪ್ರಬಲ: ನಮಗೆ ಅಪಾಯ ಇದೆಯೇ?

‘ಸ್ವಿಟ್ಜರ್‌ಲೆಂಡ್‌ನ ಯಂತ್ರದಲ್ಲಿ ಭೂಮಿಗಿಂತ ಲಕ್ಷ ಪಟ್ಟು ಪ್ರಬಲ ಅಯಸ್ಕಾಂತ ಇದೆ, ಆನ್ ಮಾಡಿದರೆ ಭೂಕಂಪ ಆಗುತ್ತದೆ’ ಎಂಬ ಅರ್ಥದ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಓಡಾಡುತ್ತವೆ. ಇದರಲ್ಲಿ ನಿಜ ಎಷ್ಟು? ನೋಡೋಣ.

ಸಂಖ್ಯೆ ನಿಜ, ತೀರ್ಮಾನ ಸುಳ್ಳು

ಸರ್ನ್ ಸಂಸ್ಥೆಯ ಎಲ್‌ಎಚ್‌ಸಿ ಯಂತ್ರವು 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿದೆ. ಅಲ್ಲಿ ಪ್ರೋಟಾನುಗಳನ್ನು, 2010ರಿಂದ ಸೀಸದ ಅಯಾನುಗಳನ್ನೂ ಡಿಕ್ಕಿ ಹೊಡೆಸುತ್ತಾರೆ. ಅವುಗಳ ದಾರಿಯನ್ನು ಬಾಗಿಸುವುದು 1,232 ಅಯಸ್ಕಾಂತಗಳು. ಇವುಗಳ ಬಲ 8.3 ಟೆಸ್ಲಾ. ನಮ್ಮ ಭಾಗದಲ್ಲಿ ಭೂಮಿಯ ಕಾಂತಬಲ ಸುಮಾರು 0.00004 ಟೆಸ್ಲಾ. ಅಂದರೆ ಲಕ್ಷ ಪಟ್ಟು ಎನ್ನುವುದು ಸುಳ್ಳಲ್ಲ.

ಆದರೆ ಆ ಬಲ ಇರುವುದು 56 ಮಿಲಿಮೀಟರ್ ಅಗಲದ ಕಿಂಡಿಯೊಳಗೆ. ಸುತ್ತಲಿನ ದಪ್ಪ ಕಬ್ಬಿಣದ ಕವಚ ಅದನ್ನು ಹೊರಗೆ ಹರಡಲು ಬಿಡುವುದಿಲ್ಲ. ಬೆಳ್ಳಟ್ಟಿಯಲ್ಲಿರಲಿ, ಸುರಂಗದ ಮೇಲಿರುವ ಊರುಗಳಲ್ಲೇ ಇರಲಿ, ಮೊಬೈಲಿನ ದಿಕ್ಸೂಚಿ ಉತ್ತರವನ್ನೇ ತೋರಿಸುತ್ತದೆ.

ಇಷ್ಟು ಬಲ ಹೇಗೆ ಬರುತ್ತದೆ?

ಈ ಅಯಸ್ಕಾಂತದಲ್ಲಿ ಸುಮಾರು 12,000 ಆಂಪಿಯರ್ ವಿದ್ಯುತ್ ಹರಿಯುತ್ತದೆ. ಮಾಮೂಲಿ ತಾಮ್ರದ ತಂತಿಯಾದರೆ ಸುಟ್ಟುಹೋಗುತ್ತದೆ. ನಯೋಬಿಯಂ-ಟೈಟಾನಿಯಂ ತಂತಿಯನ್ನು ದ್ರವ ಹೀಲಿಯಂನಿಂದ ಮೈನಸ್ 271 ಡಿಗ್ರಿಗೆ ತಂಪು ಮಾಡಿದರೆ ವಿದ್ಯುತ್ತಿಗೆ ತಡೆಯೇ ಇರುವುದಿಲ್ಲ. ಇದೇ ಸೂಪರ್‌ಕಂಡಕ್ಟರ್.

ವಿನ್ಯಾಸದ ಕಷ್ಟ ಇರುವುದು ಮುಂದೆ. ಸುರುಳಿಯನ್ನು ಹೊರಕ್ಕೆ ತಳ್ಳುವ ಬಲ ಪ್ರತಿ ಮೀಟರಿಗೆ ನೂರಾರು ಟನ್. ತಂತಿ ಕೂದಲೆಳೆಯಷ್ಟು ಜರುಗಿದರೂ ಸಾಕು, ಆ ಜಾಗ ಬಿಸಿಯಾಗಿ ಸೂಪರ್‌ಕಂಡಕ್ಟರ್ ಗುಣ ಹೋಗಿಬಿಡಬಹುದು. ಅದಕ್ಕೇ ಸುರುಳಿಯನ್ನು ಉಕ್ಕಿನ ಪಟ್ಟಿಗಳಲ್ಲಿ ಬಿಗಿದಿಡುತ್ತಾರೆ.

2008ರ ಸೆಪ್ಟೆಂಬರ್ 19ರಂದು ಎರಡು ಅಯಸ್ಕಾಂತಗಳ ನಡುವಿನ ಒಂದು ವಿದ್ಯುತ್ ಜೋಡಣೆ ಕೈಕೊಟ್ಟಿತು. ಟನ್‌ಗಟ್ಟಲೆ ಹೀಲಿಯಂ ಸುರಂಗಕ್ಕೆ ನುಗ್ಗಿತು. ಯಂತ್ರ ವರ್ಷಕ್ಕೂ ಹೆಚ್ಚು ಕಾಲ ನಿಂತಿತು. ಯಾರಿಗೂ ಗಾಯವಾಗಲಿಲ್ಲ, ಭೂಮಿಯೂ ನಡುಗಲಿಲ್ಲ.

ನಮ್ಮವರ ಪಾಲು

ಕಣಗಳ ದಾರಿ ತಿದ್ದುವ 1,700ಕ್ಕೂ ಹೆಚ್ಚು ಸಣ್ಣ ಸೂಪರ್‌ಕಂಡಕ್ಟಿಂಗ್ ಅಯಸ್ಕಾಂತಗಳನ್ನು ಭಾರತವೇ ಕೊಟ್ಟಿದೆ. ದೊಡ್ಡ ಅಯಸ್ಕಾಂತಗಳನ್ನು ಹೊತ್ತ ಸುಮಾರು 7,000 ಜಾಕ್‌ಗಳೂ ನಮ್ಮವೇ. ಅವುಗಳಲ್ಲಿ ಒಂದು ಪಾಲು ಬೆಂಗಳೂರಿನಲ್ಲಿ ತಯಾರಾಗಿದೆ.

ನಿಜವಾದ ಎಚ್ಚರಿಕೆ ಎಲ್ಲಿ ಬೇಕು?

ಇದೇ ತಂತ್ರಜ್ಞಾನದ ಅಯಸ್ಕಾಂತ ನಿಮಗೆ ಹತ್ತಿರದಲ್ಲೇ ಇದೆ. ಹುಬ್ಬಳ್ಳಿಗೆ ಎಂಆರ್‌ಐ ಮಾಡಿಸಲು ಹೋದಾಗ ನೀವು ಮಲಗುವ ಯಂತ್ರದಲ್ಲಿರುವುದು ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾದ ಸೂಪರ್‌ಕಂಡಕ್ಟಿಂಗ್ ಅಯಸ್ಕಾಂತ. ಸ್ಕ್ಯಾನ್ ನಡೆಯದಿದ್ದಾಗಲೂ, ಕರೆಂಟ್ ಹೋದಾಗಲೂ ಅದರ ಸೆಳೆತ ಇದ್ದೇ ಇರುತ್ತದೆ. 2018ರ ಜನವರಿಯಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ರೋಗಿಯ ಸಂಬಂಧಿಕರೊಬ್ಬರು ಆಕ್ಸಿಜನ್ ಸಿಲಿಂಡರ್ ಹಿಡಿದು ಆ ಕೋಣೆಗೆ ಹೋಗಿ, ಸಿಲಿಂಡರ್ ಸಮೇತ ಯಂತ್ರದೊಳಕ್ಕೆ ಸೆಳೆಯಲ್ಪಟ್ಟು ಮೃತಪಟ್ಟರು.

ಆದ್ದರಿಂದ ಎಂಆರ್‌ಐ ಕೋಣೆಗೆ ಹೋಗುವ ಮುನ್ನ ಕೀಲಿ, ಮೊಬೈಲ್, ಪಿನ್ನು, ಉಡದಾರದ ಬೀಗದಕೈ ಎಲ್ಲವನ್ನೂ ತೆಗೆದಿಡಿ. ದೇಹದಲ್ಲಿ ಪೇಸ್‌ಮೇಕರ್, ರಾಡ್ ಅಥವಾ ಸ್ಕ್ರೂ ಇದ್ದರೆ ಮೊದಲೇ ಸಿಬ್ಬಂದಿಗೆ ಹೇಳಿ. ಜೊತೆಗೆ ಬಂದವರಿಗೂ ಇದೇ ನಿಯಮ.

ನಮ್ಮ ತೀರ್ಮಾನ: ಭೂಕಂಪದ ಸಂದೇಶ ಸುಳ್ಳು, ಫಾರ್ವರ್ಡ್ ಮಾಡಬೇಡಿ. ಎಂಆರ್‌ಐ ಎಚ್ಚರಿಕೆ ನಿಜ, ಅದನ್ನು ಮನೆಯವರಿಗೆಲ್ಲ ತಿಳಿಸಿ.