ಲಾಗೋಸಿನ ಡ್ರಮ್ಮು, ದೂರದ ಪಾಠ

ಡ್ರಮ್ ಸೆಟ್ಟಿಗೆ ಒಂದೇ ತವರು ಎಂಬುದಿಲ್ಲ. ಮಿಲಿಟರಿ ಬ್ಯಾಂಡಿನ ದೊಡ್ಡ ಡ್ರಮ್, ತುರ್ಕಿಯ ಸಿಂಬಲ್, ಚೀನಿಯರ ಟಾಮ್-ಟಾಮ್, ಎಲ್ಲವೂ ಇಪ್ಪತ್ತನೆಯ ಶತಮಾನದ ಆರಂಭದ ಅಮೆರಿಕದಲ್ಲಿ ಒಬ್ಬನೇ ವಾದಕನ ಸುತ್ತ ಬಂದು ಕೂತವು. 1909ರಲ್ಲಿ ಲುಡ್ವಿಗ್ ಸೋದರರು ಕಾಲಿನಿಂದ ತುಳಿಯುವ ಪೆಡಲ್ ಮಾರತೊಡಗಿದ ಮೇಲೆ ಈ ಜೋಡಣೆ ಇನ್ನಷ್ಟು ಗಟ್ಟಿಯಾಯಿತು. ಇಂಥ ಕೂಡುವಾದ್ಯವನ್ನು ಕಲಿಯುವವರಿಗೂ ‘ಕಂಡಕಂಡ ಸಂಗೀತ ಕೇಳಬೇಡ, ಕೈ ಕೆಡುತ್ತದೆ’ ಎಂದು ಬುದ್ಧಿ ಹೇಳುವವರಿದ್ದಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ನೈಜೀರಿಯಾದ ಟೋನಿ ಅಲೆನ್ ನೆನಪಾಗುತ್ತಾರೆ.

1940ರಲ್ಲಿ ಲಾಗೋಸಿನಲ್ಲಿ ಹುಟ್ಟಿದ ಅಲೆನ್, ರೇಡಿಯೋ ತಂತ್ರಜ್ಞರಾಗಿ ದುಡಿಯುತ್ತಲೇ ಹದಿನೆಂಟರ ವಯಸ್ಸಿನಲ್ಲಿ ಡ್ರಮ್ ಹಿಡಿದರು. ಊರಿನ ಕ್ಲಬ್ಬುಗಳಲ್ಲಿ ಆಗ ತುತ್ತೂರಿ, ಗಿಟಾರುಗಳ ಕುಣಿತದ ಸಂಗೀತವಾದ ಹೈಲೈಫ್‌ನದೇ ರಾಜ್ಯ. ವಿಕ್ಟರ್ ಒಲಾಯಿಯಾ ಅವರ ತಂಡದಲ್ಲಿ ಅಲೆನ್‌ಗೆ ಮೊದಲು ಸಿಕ್ಕಿದ್ದು ಎರಡು ಮರದ ಕೋಲು ತಟ್ಟುವ ಕೆಲಸ.

ಅವರ ಕಿವಿ ಮಾತ್ರ ಕಡಲಾಚೆ ಇತ್ತು. ಅಮೆರಿಕದ ಜಾಝ್ ಡ್ರಮ್ಮರ್‌ಗಳಾದ ಮ್ಯಾಕ್ಸ್ ರೋಚ್, ಆರ್ಟ್ ಬ್ಲೇಕಿ ಅವರ ರೆಕಾರ್ಡುಗಳನ್ನು ಹುಡುಕಿ ಕೇಳಿದರು. ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್ ಆದ ಹೈ-ಹ್ಯಾಟ್ ಬಗ್ಗೆ ರೋಚ್ ‘ಡೌನ್‌ಬೀಟ್’ ಪತ್ರಿಕೆಯಲ್ಲಿ ಬರೆದ ಪಾಠ ಅವರಿಗೆ ಗುರುವಾಯಿತು. ಸುತ್ತಲಿನ ಡ್ರಮ್ಮರ್‌ಗಳು ಅಷ್ಟಾಗಿ ಲಕ್ಷ್ಯಕ್ಕೆ ತಂದುಕೊಳ್ಳದ ಭಾಗವದು. ಸುಮ್ಮನೆ ಕೂತಿದ್ದ ಎಡಗಾಲಿಗೂ ಈಗ ಮಾತು ಬಂತು.

ಅಲ್ಲಿಗೇ ನಿಂತಿದ್ದರೆ ಅಲೆನ್ ಲಾಗೋಸಿನ ನಕಲು ರೋಚ್ ಆಗುತ್ತಿದ್ದರು. ದೇಶ 1960ರಲ್ಲಷ್ಟೇ ಸ್ವತಂತ್ರವಾಗಿತ್ತು. ಪರರ ಅನುಕರಣೆ ಯಾವುದು, ತನ್ನದು ಯಾವುದು ಎಂಬ ಪ್ರಶ್ನೆ ಹಗುರವಾದುದಲ್ಲ. ಅವರ ನುಡಿಕೆಯಲ್ಲಿ ನನಗೆ ಕೇಳಿಸುವ ಉತ್ತರ ಹೀಗಿದೆ: ಯೊರುಬಾ ಮೇಳದಲ್ಲಿ ಹಲವರು ಕೂತು, ಒಬ್ಬೊಬ್ಬರೂ ಒಂದೊಂದು ನಡೆ ಹಿಡಿದು ಬಾರಿಸುತ್ತಾರೆ. ಜಾಝ್ ಕಲಿಸಿದ ನಾಲ್ಕು ಕೈಕಾಲುಗಳ ಸ್ವಾತಂತ್ರ್ಯವನ್ನು ಅಲೆನ್ ಆ ಮೇಳವನ್ನು ಒಂದೇ ಮೈಗೆ ಇಳಿಸಲು ಬಳಸಿದರು. ಹೊರಗಿನ ಪಾಠ ಮನೆಯ ಹಳೆಯ ಸೊತ್ತನ್ನೇ ಹೊಸದಾಗಿ ತೆರೆದು ತೋರಿಸಿತು.

1964ರಲ್ಲಿ ಫೆಲಾ ಕುಟಿ ಹುಡುಕುತ್ತಿದ್ದುದು ಜಾಝ್ ನುಡಿಸಬಲ್ಲ ಡ್ರಮ್ಮರ್‌ನನ್ನು. ಅಲೆನ್ ಸಿಕ್ಕರು. 1969ರಲ್ಲಿ ತಂಡ ಅಮೆರಿಕಕ್ಕೆ ಹೋದಾಗ, ಲಾಸ್ ಏಂಜಲೀಸಿನ ಡ್ರಮ್ಮರ್ ಫ್ರಾಂಕ್ ಬಟ್ಲರ್ ಇವರಿಗೆ ದಿಂಬಿನ ಮೇಲೆ ಅಭ್ಯಾಸ ಮಾಡಲು ಹೇಳಿದರು. ದಿಂಬು ಕೋಲನ್ನು ಪುಟಿಸಿ ಹಿಂದಕ್ಕೆ ಕೊಡುವುದಿಲ್ಲ. ಎತ್ತುವ ಕೆಲಸವೂ ಕೈಯದೇ. ಮುಂದಿನ ದಶಕದಲ್ಲಿ ಆಫ್ರೋಬೀಟ್ ಎಂಬ ಸಂಗೀತ ಹೀಗೆ ಹದಗೊಂಡ ಕೈಗಳ ಮೇಲೆ ನಿಂತಿತು. ಅಲೆನ್ ಇಲ್ಲದಿದ್ದರೆ ಆಫ್ರೋಬೀಟ್ ಇರುತ್ತಿರಲಿಲ್ಲವೆಂದು ಫೆಲಾ ಅವರೇ ಒಪ್ಪಿಕೊಂಡಿದ್ದರು.

ಈ ಕತೆಗೆ ಇನ್ನೊಂದು ಮಗ್ಗುಲಿದೆ. ಅಲೆನ್ ಕಿವಿಗೊಟ್ಟಿದ್ದ ಬ್ಲೇಕಿ 1940ರ ದಶಕದ ಕೊನೆಯಲ್ಲಿ ಪಶ್ಚಿಮ ಆಫ್ರಿಕಾಕ್ಕೆ ಹೋಗಿ ಬಂದವರು. 1962ರಲ್ಲಿ ನೈಜೀರಿಯಾದ ಸಾಲಮನ್ ಇಲೋರಿಯಂಥವರ ಜೊತೆ ಕೂತು ‘ದಿ ಆಫ್ರಿಕನ್ ಬೀಟ್’ ಮುದ್ರಿಸಿದರು. ಲಾಗೋಸಿನವರು ಅಮೆರಿಕದತ್ತ, ಅಮೆರಿಕದವರು ಆಫ್ರಿಕಾದತ್ತ ಕಿವಿಯಿಟ್ಟಿದ್ದರು. 2017ರಲ್ಲಿ ಅಲೆನ್ ಬ್ಲೇಕಿಗೆ ನಮನವಾಗಿ ಒಂದು ರೆಕಾರ್ಡ್ ತಂದರು. ಜಾಝ್‌ನ ರಚನೆಗಳು ಅಲ್ಲಿ ಲಾಗೋಸಿನ ನಡಿಗೆಯಲ್ಲಿ ಬರುತ್ತವೆ. ಮೂರು ವರ್ಷದ ನಂತರ, 2020ರ ಏಪ್ರಿಲ್ 30ರಂದು, ಅವರು ಪ್ಯಾರಿಸಿನಲ್ಲಿ ತೀರಿಕೊಂಡರು.

ಕಲಿಯುವವರಿಗೆ ನಾನು ಹೇಳುವುದಿಷ್ಟೇ. ಫೆಲಾ ಅವರ 1975ರ ‘ವಾಟರ್ ನೋ ಗೆಟ್ ಎನಿಮಿ’ ಕೇಳಿ. ಮೊದಲ ಸಲ ಹಾಡು, ಎರಡನೆಯ ಸಲ ಹೈ-ಹ್ಯಾಟ್ ಒಂದನ್ನೇ. ಆಮೇಲೆ ನಿಮ್ಮ ವಾದ್ಯಕ್ಕೆ ಮರಳಿ, ಅಲ್ಲಿ ಇದುವರೆಗೆ ಸುಮ್ಮನೆ ಕೂತಿರುವುದು ಯಾವುದು ಎಂದು ನೋಡಿ.